ಯಂತ್ರ ನಮ್ಮದು, ಕೀಲಿಕೈ ಯಾರದು?

ಒಂದು ದೇಶದ ಕೈಗಾರಿಕೆಯ ಬಲವನ್ನು ಅಳೆಯಹೊರಟವರು ಅಲ್ಲಿನ ಕಾರ್ಖಾನೆಗಳ ಸಂಖ್ಯೆಯನ್ನೂ ಅವುಗಳಿಂದ ಹೊರಡುವ ಸರಕಿನ ಮೊತ್ತವನ್ನೂ ಎಣಿಸುವುದು ವಾಡಿಕೆ. ಆ ಕಾರ್ಖಾನೆಗಳನ್ನು ನಡೆಯಿಸುವ ಅಧಿಕಾರವು ನಿಜವಾಗಿ ಯಾರ ಕೈಯಲ್ಲಿದೆ ಎಂದು ಕೇಳುವವರು ವಿರಳ. ಈ ಪ್ರಶ್ನೆಯು ಇಂದು ದೊಡ್ಡ ತತ್ತ್ವದ ರೂಪದಲ್ಲಿ ನಮ್ಮೆದುರಿಗೆ ಬಂದು ನಿಲ್ಲುವುದಿಲ್ಲ. ನಿಯಂತ್ರಣ ಕೊಠಡಿಯ ಮೂಲೆಯಲ್ಲಿ ಧೂಳು ಹಿಡಿದು, ಹದಿನೈದು ಇಪ್ಪತ್ತು ವರ್ಷಗಳಿಂದ ಹಗಲಿರುಳು ದುಡಿದ ಹಳೆಯ ಗಣಕಯಂತ್ರವೊಂದು ಒಂದು ದಿನ ಬೆಳಗ್ಗೆ ಏಳಲೊಲ್ಲದೆ ಹೋದಾಗ, ಅದು ಅತಿ ಸಣ್ಣ ರೂಪದಲ್ಲಿ ಬಂದು ನಿಲ್ಲುತ್ತದೆ. ಹೊಸ ಗಣಕಯಂತ್ರವನ್ನು ಅಂದೇ ಸಂಜೆ ಪೇಟೆಯಿಂದ ತರಬಹುದು. ಅದರೊಳಗೆ ಹಳೆಯ ತಂತ್ರಾಂಶವನ್ನು ಕೂರಿಸಿ ನಡೆಯಿಸಲು ಮಾತ್ರ ಪರಸ್ಥಳದ ಕಂಪೆನಿಯೊಂದರ ಅನುಮತಿ ಬೇಕು. ಲಕ್ಷಾಂತರ ರೂಪಾಯಿ ತೆತ್ತು ಕೊಂಡ ಸಾಮಾನನ್ನು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಇಡಲು ಮಾರಿದವನ ಅಪ್ಪಣೆ ಪಡೆಯಬೇಕಾದ ಸ್ಥಿತಿಯು ಎಂತಹುದೆಂಬುದನ್ನು ವಾಚಕರು ಆಲೋಚಿಸಬೇಕಾಗಿದೆ.

ಕಣ್ಣು ಮತ್ತು ಕೈ

ಈ ವಿಷಯದ ಪರಿಚಯವಿಲ್ಲದವರಿಗಾಗಿ ಕಾರ್ಖಾನೆಯ ಒಳವ್ಯವಸ್ಥೆಯನ್ನು ಸ್ಥೂಲವಾಗಿ ವಿವರಿಸುವುದು ಅವಶ್ಯ. ನೀರೆತ್ತುವ ಪಂಪುಗಳು, ಸಕ್ಕರೆ ಕಾರ್ಖಾನೆಯ ಕುದಿಪಾತ್ರೆಗಳು, ಸಿಮೆಂಟಿನ ಗೂಡುಗಳು, ವಿದ್ಯುತ್ ಸ್ಥಾವರದ ಬಾಯ್ಲರುಗಳು ಮುಂತಾದುವನ್ನು ಕ್ಷಣಕ್ಷಣವೂ ಹಿಡಿತದಲ್ಲಿಡುವುದು ಪಿ.ಎಲ್.ಸಿ. ಎಂಬ ಗಟ್ಟಿಮುಟ್ಟಾದ ಸಣ್ಣ ನಿಯಂತ್ರಕ. ಇದು ತನಗೆ ಒಮ್ಮೆ ಬೋಧಿಸಿದ ಆಜ್ಞೆಗಳನ್ನು ವರ್ಷಗಟ್ಟಲೆ ತಪ್ಪದೆ ನಡೆಯಿಸುತ್ತದೆ. ಇದರ ಮೇಲೆ ಕುಳಿತಿರುವುದು ಸಾಮಾನ್ಯ ಕಚೇರಿಗಳಲ್ಲಿರುವಂಥ ಗಣಕಯಂತ್ರ. ಯಾವ ತೊಟ್ಟಿಯಲ್ಲಿ ನೀರು ಎಷ್ಟಿದೆ, ಯಾವ ಗೂಡಿನ ಶಾಖ ಎಷ್ಟು, ಎಲ್ಲಿ ಅಪಾಯದ ಸೂಚನೆ ಬಂದಿದೆ ಎಂಬುದನ್ನು ಪರದೆಯ ಮೇಲೆ ತೋರಿಸುವುದೂ, ನಡೆದುದೆಲ್ಲವನ್ನೂ ದಾಖಲೆ ಮಾಡುವುದೂ ಇದರ ಕೆಲಸ. ನಿಯಂತ್ರಕಕ್ಕೆ ಬೋಧಿಸಿದ ಆಜ್ಞೆಗಳನ್ನು ತಿದ್ದಬೇಕಾದರೆ ಅದಕ್ಕೂ ಇಂಥದೇ ಇನ್ನೊಂದು ಗಣಕಯಂತ್ರವೂ ವಿಶೇಷ ತಂತ್ರಾಂಶವೂ ಬೇಕು. ನಿಯಂತ್ರಕವು ಕೈಯಾದರೆ ಗಣಕಯಂತ್ರವು ಕಣ್ಣು.

ಕಣ್ಣು ಹೋದೊಡನೆ ಕೈ ನಿಲ್ಲುವುದಿಲ್ಲವೆಂಬುದೇ ಇಲ್ಲಿನ ಮೋಸ. ಗಣಕಯಂತ್ರವು ಕೆಟ್ಟರೂ ಪಂಪು ತಿರುಗುತ್ತಿರುತ್ತದೆ, ಗೂಡು ಉರಿಯುತ್ತಿರುತ್ತದೆ. ಹೇಗೂ ಕೆಲಸ ಸಾಗುತ್ತಿದೆಯಲ್ಲ ಎಂದು ಮೇಲಧಿಕಾರಿಗಳು ಸುಮ್ಮನಿರುತ್ತಾರೆ. ಹಳೆಯ ಯಂತ್ರಕ್ಕೆ ಪರ್ಯಾಯವನ್ನು ಸಿದ್ಧಪಡಿಸಬೇಕೆಂಬ ಎಂಜಿನಿಯರನ ಬೇಡಿಕೆಯು ವರ್ಷದಿಂದ ವರ್ಷಕ್ಕೆ ಮುಂದೂಡಲ್ಪಡುತ್ತದೆ. ಕುರುಡಾಗಿ ನಡೆಯುತ್ತಿರುವ ಕಾರ್ಖಾನೆಯಲ್ಲಿ ಮೊದಲ ತೊಡಕು ಬಂದ ಗಳಿಗೆಯಲ್ಲಿಯೇ ನಿಜಸ್ಥಿತಿಯು ಬಯಲಾಗುವುದು. ಬೆಂಕಿ ಬಿದ್ದಾಗ ಬಾವಿ ತೋಡಿದರೆಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆಯು ಸಿಕ್ಕಲಾರದು.

ಕಾರ್ಖಾನೆಯ ಯಂತ್ರಗಳ ಆಯುಸ್ಸು ಇಪ್ಪತ್ತು ಮೂವತ್ತು ವರ್ಷಗಳಾದರೆ, ಅವನ್ನು ನೋಡಿಕೊಳ್ಳುವ ಗಣಕಯಂತ್ರದ ಆಯುಸ್ಸು ಅದರ ನಾಲ್ಕನೆಯ ಒಂದು ಭಾಗವೂ ಇರಲಾರದು. ಅದರ ಆಧಾರವಾದ ವಿಂಡೋಸ್ ತಂತ್ರಾಂಶದ ಕಥೆಯೂ ಇದೇ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದೂ, ವಿಂಡೋಸ್ 7ಕ್ಕೆ 2020ರ ಜನವರಿ 14ರಂದೂ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದೂ ಮೈಕ್ರೋಸಾಫ್ಟ್ ಕಂಪೆನಿಯು ತನ್ನ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಹೀಗಿರಲಾಗಿ, ಒಂದು ಕಾರ್ಖಾನೆಯ ಜೀವಮಾನದಲ್ಲಿ ಈ ದಾಟಿಸುವ ಕೆಲಸವು ಮೂರು ನಾಲ್ಕು ಸಲವಾದರೂ ಬಂದೇ ಬರುವುದು. ಇದನ್ನು ಆಕಸ್ಮಿಕವೆಂದು ಕರೆಯುವುದು ಮಳೆಗಾಲವನ್ನು ಆಕಸ್ಮಿಕವೆಂದು ಕರೆದಂತೆ.

ಕೀಲಿಯ ಬಗೆಗಳು

ತಂತ್ರಾಂಶವನ್ನು ಮಾರುವ ಕಂಪೆನಿಗಳು ಅದನ್ನು ಮಾರುವುದೆಂದು ಹೇಳುವುದಿಲ್ಲ, ಬಳಸಲು ಪರವಾನಗಿ ಕೊಡುವುದೆಂದು ಹೇಳುತ್ತವೆ. ಒಂದು ಪರವಾನಗಿಯನ್ನು ಒಂದೇ ಯಂತ್ರದಲ್ಲಿ ಬಳಸುವಂತೆ ನಾನಾ ಬಗೆಯ ಕೀಲಿಗಳನ್ನು ಅವು ಕಲ್ಪಿಸಿವೆ. ಜರ್ಮನಿಯ ಸಿಮೆನ್ಸ್ ಕಂಪೆನಿಯ ಸ್ಟೆಪ್ 7 ತಂತ್ರಾಂಶದ ಹಿಂದಿನ ಆವೃತ್ತಿಗಳಲ್ಲಿ ಈ ಅಧಿಕಾರವು ಒಂದು ಫ್ಲಾಪಿಯಲ್ಲಿ ಬರುತ್ತಿತ್ತು. ಅದನ್ನು ಹಾರ್ಡ್ ಡಿಸ್ಕಿಗೆ ವರ್ಗಾಯಿಸಿದೊಡನೆ ಫ್ಲಾಪಿಯು ಬರಿದಾಗುತ್ತಿತ್ತು. ಬೇರೆ ಯಂತ್ರಕ್ಕೆ ಒಯ್ಯಬೇಕಾದರೆ ಮೊದಲು ಅದನ್ನು ಫ್ಲಾಪಿಗೆ ಹಿಂದೆಗೆದುಕೊಳ್ಳಬೇಕಾಗಿತ್ತು. ಡಿಸ್ಕನ್ನು ಅಳಿಸುವುದಕ್ಕೂ, ಹೊಸ ವಿಂಡೋಸನ್ನು ಕೂರಿಸುವುದಕ್ಕೂ ಮುನ್ನ ಹೀಗೆ ಮಾಡಬೇಕೆಂಬ ಎಚ್ಚರಿಕೆಯು ಅದರ ಕೈಪಿಡಿಯಲ್ಲಿಯೇ ಇತ್ತು. ಕೈಪಿಡಿಯನ್ನು ಓದದೆ ಡಿಸ್ಕನ್ನು ಅಳಿಸಿದವನು ತಂತ್ರಾಂಶದೊಡನೆ ಅದರ ಹಕ್ಕನ್ನೂ ಅಳಿಸಿದಂತಾಗುತ್ತಿತ್ತು. ಈಗ ಅದೇ ಕಂಪೆನಿಯು ಪೆನ್ ಡ್ರೈವಿನಿಂದಲೂ ಜಾಲದ ಮೂಲಕವೂ ಕೀಲಿಯನ್ನು ಸಾಗಿಸುವ ಏರ್ಪಾಟನ್ನು ಒದಗಿಸಿದೆಯಾದರೂ, ಹಳೆಯದರಿಂದ ಹಿಂದೆಗೆದೇ ಹೊಸದಕ್ಕೆ ಕೊಡಬೇಕೆಂಬ ನಿಯಮವು ಹಾಗೆಯೇ ಇದೆ.

ಅಮೆರಿಕದ ರಾಕ್‌ವೆಲ್ ಕಂಪೆನಿಯ ಪದ್ಧತಿಯಲ್ಲಿ ಕೀಲಿಯು ಯಂತ್ರದ ಅಂಗಾಂಗಕ್ಕೆ ಕಟ್ಟಲ್ಪಡುತ್ತದೆ. ಜಾಲದ ಕಾರ್ಡಿನ ಸಂಖ್ಯೆಗೋ, ಡಿಸ್ಕಿನ ಸಂಖ್ಯೆಗೋ, ಡಾಂಗಲ್ ಎಂಬ ಸಣ್ಣ ಉಪಕರಣಕ್ಕೋ ಅದು ಅಂಟಿಕೊಂಡಿರುತ್ತದೆ. ಕಾರ್ಡು ಸುಟ್ಟು ಬೇರೆ ಕಾರ್ಡು ಹಾಕಿದರೆ ತಂತ್ರಾಂಶದ ದೃಷ್ಟಿಯಲ್ಲಿ ಅದು ಬೇರೆಯೇ ಯಂತ್ರ. ಇನ್ನು ಕೇವಲ ಡಾಂಗಲನ್ನು ನಂಬಿದ ಹಳೆಯ ತಂತ್ರಾಂಶಗಳ ಪಾಡು ಬೇರೆ ಬಗೆಯದು. ಮುದ್ರಣ ಯಂತ್ರವನ್ನು ಜೋಡಿಸುತ್ತಿದ್ದ ಅಗಲವಾದ ಪ್ಯಾರಲಲ್ ಪೋರ್ಟಿಗೆ ಅವುಗಳ ಡಾಂಗಲನ್ನು ಚುಚ್ಚಬೇಕಾಗಿತ್ತು. ಇಂದು ಪೇಟೆಯಲ್ಲಿ ದೊರೆಯುವ ಸಾಮಾನ್ಯ ಗಣಕಯಂತ್ರದಲ್ಲಿ ಆ ರಂಧ್ರವೇ ಇಲ್ಲ. ಕೀಲಿಕೈ ಜೇಬಿನಲ್ಲಿದ್ದು ಬಾಗಿಲೇ ಇಲ್ಲದಂತಾಗಿದೆ.

ದಾಟಿಸುವ ಕೆಲಸ

ಕೀಲಿಯ ತೊಡಕಿನೊಡನೆ ಕೂಡಿಕೊಂಡು ಬರುವ ತೊಡಕುಗಳು ಇನ್ನೂ ಇವೆ. ಹಳೆಯ ಯಂತ್ರದಲ್ಲಿ ನಿಯಂತ್ರಕದೊಡನೆ ಮಾತಾಡಲು ಚುಚ್ಚಿದ್ದ ವಿಶೇಷ ಕಾರ್ಡು ಹೊಸ ಯಂತ್ರದ ಹಲಗೆಯಲ್ಲಿ ಹಿಡಿಸುವುದಿಲ್ಲ. 16 ಬಿಟ್ಟಿನ ಹಳೆಯ ತಂತ್ರಾಂಶವು 64 ಬಿಟ್ಟಿನ ವಿಂಡೋಸಿನಲ್ಲಿ ನಡೆಯುವುದೇ ಇಲ್ಲ. ಆದುದರಿಂದ ಹಲವರು ಹಳೆಯ ಯಂತ್ರದ ಡಿಸ್ಕಿನ ಪೂರ್ಣ ಪ್ರತಿಯನ್ನು ತೆಗೆದು, ಹೊಸ ಯಂತ್ರದೊಳಗೆ ವರ್ಚುಯಲ್ ಯಂತ್ರವೆಂಬ ಮಾಯಾಯಂತ್ರವನ್ನು ಸೃಷ್ಟಿಸಿ, ಅದರಲ್ಲಿ ಹಳೆಯ ವಿಂಡೋಸನ್ನೂ ತಂತ್ರಾಂಶವನ್ನೂ ಇದ್ದಂತೆಯೇ ನಡೆಯಿಸುತ್ತಾರೆ. ಇದು ಬುದ್ಧಿವಂತಿಕೆಯ ಉಪಾಯವೇ. ಆದರೆ ಡಿಸ್ಕಿನೊಡನೆ ತಂತ್ರಾಂಶವು ಬಂದರೂ ಯಂತ್ರಕ್ಕೆ ಕಟ್ಟಿದ ಕೀಲಿಯು ಬಾರದೆ ಹೋಗಬಹುದು. ಹಳೆಯ ವಿಂಡೋಸಿನ ರೋಗಗಳೂ ಅದರೊಡನೆಯೇ ಬರುತ್ತವೆ. ಅಂಥ ಯಂತ್ರವನ್ನು ಹೊರಜಾಲದಿಂದ ದೂರವಿಡದಿದ್ದರೆ ಅಪಾಯವು ಮೊದಲಿನಂತೆಯೇ ಇರುವುದು.

ಈ ಮಾತು ಊಹೆಯಲ್ಲ. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಎಂಬ ದುಷ್ಟ ತಂತ್ರಾಂಶವು ಪೆನ್ ಡ್ರೈವುಗಳ ಮೂಲಕ ಹರಡಿತಲ್ಲದೆ, ಸ್ಟೆಪ್ 7 ತಂತ್ರಾಂಶದ ಯೋಜನಾ ಕಡತಗಳೊಳಗೇ ಅಡಗಿಕೊಂಡು ಒಂದು ಯಂತ್ರದಿಂದ ಇನ್ನೊಂದಕ್ಕೆ ಸಾಗುತ್ತಿತ್ತು. ಇರಾನಿನ ನಟಾಂಜಿನಲ್ಲಿ ಯುರೇನಿಯಂ ಸಂಸ್ಕರಿಸುವ ಯಂತ್ರಗಳನ್ನು ಕೆಡಿಸಿದುದು ಅದೇ. 2018ರ ಆಗಸ್ಟಿನಲ್ಲಿ ತೈವಾನಿನ ಪ್ರಸಿದ್ಧ ಚಿಪ್ಪು ತಯಾರಕ ಸಂಸ್ಥೆಯಾದ ಟಿ.ಎಸ್.ಎಂ.ಸಿ.ಯ ಕಾರ್ಖಾನೆಗಳಲ್ಲಿ ಕೆಲಸ ನಿಂತಿತು. ಹೊಸ ಯಂತ್ರವೊಂದಕ್ಕೆ ತಂತ್ರಾಂಶವನ್ನು ಕೂರಿಸುವಾಗ ಆದ ಅಜಾಗರೂಕತೆಯಿಂದ ಸೋಂಕು ಜಾಲದಲ್ಲೆಲ್ಲ ಹರಡಿತೆಂದು ಆ ಸಂಸ್ಥೆಯೇ ಪ್ರಕಟಿಸಿತು. ಇಂಥ ವಿಷಯದಲ್ಲಿ ಜಗತ್ತಿಗೇ ಮೇಲ್ಪಂಕ್ತಿಯಾದ ಸಂಸ್ಥೆಯ ಗತಿಯೇ ಹೀಗಾದರೆ, ಒಬ್ಬ ಎಂಜಿನಿಯರನೂ ಇಬ್ಬರು ಸಹಾಯಕರೂ ಇರುವ ನಮ್ಮ ಸಾಮಾನ್ಯ ಕಾರ್ಖಾನೆಯು ಅವಸರದಲ್ಲಿ ಈ ಕೆಲಸಕ್ಕೆ ಕೈಹಾಕಿದರೆ ಏನಾದೀತು?

ಅವಸರವಿಲ್ಲದೆ ವಿಳಂಬವೇ ಆದರೂ ಬೆಲೆಯನ್ನು ತೆರಬೇಕಾಗುತ್ತದೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದ ಸುರಂಗ ರೈಲುಗಳನ್ನು ನಡೆಯಿಸಲು 1998ರಲ್ಲಿ ಸ್ಥಾಪಿಸಿದ ನಿಯಂತ್ರಣ ವ್ಯವಸ್ಥೆಯು ಐದೂಕಾಲು ಇಂಚಿನ ಫ್ಲಾಪಿಗಳನ್ನು ಅವಲಂಬಿಸಿತ್ತು. ಫ್ಲಾಪಿಯನ್ನು ಜಗತ್ತೇ ಮರೆತ ಮೇಲೂ ಅಲ್ಲಿ ಅದರ ಆರಾಧನೆ ನಡೆದೇ ಇತ್ತು. ಕೊನೆಗೆ 2024ರಲ್ಲಿ ಆ ನಗರದ ಸಾರಿಗೆ ಸಂಸ್ಥೆಯು 21 ಕೋಟಿ 20 ಲಕ್ಷ ಡಾಲರುಗಳ ಕರಾರಿನ ಮೂಲಕ ಹಿಟಾಚಿ ರೈಲ್ ಕಂಪೆನಿಗೆ ಹೊಸ ವ್ಯವಸ್ಥೆಯ ಕೆಲಸವನ್ನು ಒಪ್ಪಿಸಿತು. ಇಲ್ಲಿ ಇನ್ನೊಂದು ಸಂಗತಿಯೂ ಗಮನಾರ್ಹ. ಮೊದಲ ವ್ಯವಸ್ಥೆಯನ್ನು ಕೊಟ್ಟದ್ದು ಆಲ್ಕಟೆಲ್. ಆ ವ್ಯವಹಾರವು ಮುಂದೆ ಥೇಲ್ಸ್ ಕೈಗೂ, 2024ರಲ್ಲಿ ಹಿಟಾಚಿಯ ಕೈಗೂ ಹೋಯಿತು. ಯಂತ್ರವು ನಿಂತ ಜಾಗದಲ್ಲಿಯೇ ಇರುವಾಗ ಅದರ ಕೀಲಿಕೈ ಇಟ್ಟುಕೊಂಡ ಮನೆಯ ಯಜಮಾನರು ಎರಡು ಸಲ ಬದಲಾದರು. ಇಂದು ಮಾರಿದವನ ಸೌಜನ್ಯವನ್ನು ನಂಬಿ ನಾಳೆಯ ಹಕ್ಕನ್ನು ಬರೆಯಿಸಿಕೊಳ್ಳದೆ ಇರುವವರಿಗೆ ಇದೊಂದು ಪಾಠ.

ಅನುಮತಿ ತಪ್ಪಿದಾಗ

ಕೀಲಿಯು ಪರರ ಕೈಯಲ್ಲಿರುವುದರ ಅರ್ಥವೇನೆಂಬುದನ್ನು ಭಾರತವು 2025ರ ಜುಲೈ ತಿಂಗಳಲ್ಲಿ ಸ್ವತಃ ಕಂಡಿತು. ಗುಜರಾತಿನ ವಾಡಿನಾರದಲ್ಲಿ ವರ್ಷಕ್ಕೆ 2 ಕೋಟಿ ಟನ್ ಕಚ್ಚಾ ತೈಲವನ್ನು ಶುದ್ಧೀಕರಿಸುವ ಸಾಮರ್ಥ್ಯವುಳ್ಳ ನಯಾರಾ ಎನರ್ಜಿ ಸಂಸ್ಥೆಯಲ್ಲಿ ರಷ್ಯದ ರಾಸ್‌ನೆಫ್ಟ್ ಕಂಪೆನಿಯ ಬಂಡವಾಳವಿದೆ. ಯೂರೋಪಿನ ಒಕ್ಕೂಟವು ಆ ಸಂಸ್ಥೆಯ ಮೇಲೆ ನಿರ್ಬಂಧ ಹೇರಿದೊಡನೆ ಮೈಕ್ರೋಸಾಫ್ಟ್ ತನ್ನ ಸೇವೆಗಳನ್ನು ನಿಲ್ಲಿಸಿತು. ಹಣ ತೆತ್ತು ಪಡೆದ ಪರವಾನಗಿಯನ್ನು ಪರದೇಶದ ಕಾಯಿದೆಗಾಗಿ ಹೀಗೆ ಕಿತ್ತುಕೊಳ್ಳಬಹುದೇ ಎಂದು ನಯಾರಾ ದಿಲ್ಲಿಯ ಹೈಕೋರ್ಟಿನ ಮೊರೆಹೊಕ್ಕಿತು; ಕೆಲವೇ ದಿನಗಳಲ್ಲಿ ಸೇವೆಗಳು ಮರಳಿ ದೊರೆತುವು. ಅಂದು ನಿಂತದ್ದು ಕಚೇರಿಯ ಅಂಚೆ ಮೊದಲಾದ ವ್ಯವಹಾರವೇ ಹೊರತು ತೈಲಾಗಾರದ ನಿಯಂತ್ರಣವಲ್ಲ. ಆದರೂ ಇಂಡಿಯಾದ ನೆಲದ ಮೇಲಿನ ಉದ್ಯಮವೊಂದರ ಬಾಗಿಲನ್ನು ಸಾವಿರಾರು ಮೈಲು ದೂರದಿಂದ ಮುಚ್ಚಬಹುದೆಂಬುದು ಅಂದು ಎಲ್ಲರಿಗೂ ಮನದಟ್ಟಾಯಿತು.

ನಮ್ಮ ಪೂರ್ವಿಕರ ಕಾಲದಲ್ಲಿಯೂ ಯಂತ್ರಗಳು ಪರದೇಶದಿಂದಲೇ ಬಂದುವು. 1902ರಲ್ಲಿ ಶಿವನಸಮುದ್ರದ ವಿದ್ಯುದಾಗಾರವು ಕೋಲಾರದ ಚಿನ್ನದ ಗಣಿಗಳಿಗೆ 92 ಮೈಲು ದೂರ ವಿದ್ಯುತ್ತನ್ನು ಕಳುಹಿಸಿದಾಗ ಅದರ ವಿದ್ಯುದ್ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪೆನಿಯವೂ ಜಲಚಕ್ರಗಳು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪೆನಿಯವೂ ಆಗಿದ್ದುವು. ಆದರೆ ಒಮ್ಮೆ ಬೆಲೆ ತೆತ್ತು ಸ್ಥಾಪಿಸಿದ ಮೇಲೆ ಅವು ಮೈಸೂರು ಸಂಸ್ಥಾನದ ಸ್ವತ್ತಾದುವು. ಅವನ್ನು ಬಿಚ್ಚಿ ನೋಡುವುದಕ್ಕೂ, ಸವೆದ ಭಾಗವನ್ನು ಕುಲುಮೆಯಲ್ಲಿ ಹೊಸದಾಗಿ ಮಾಡಿಕೊಳ್ಳುವುದಕ್ಕೂ, ಒಂದು ಕೊಠಡಿಯಿಂದ ಇನ್ನೊಂದಕ್ಕೆ ಸಾಗಿಸುವುದಕ್ಕೂ ಮಾರಿದವನ ಕೀಲಿ ಬೇಕಾಗಿರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಸ್ಥಿತಿಯು ಕಬ್ಬಿಣದ ಯುಗದ ದಾನವಲ್ಲ, ತಂತ್ರಾಂಶದ ಯುಗದ ದಾನ.

ಕಾಯಿದೆಯ ಮಾತು

ಇಷ್ಟರಿಂದ ಕೀಲಿಯನ್ನು ಮುರಿದು ಹಾಕಿರೆಂದು ನಾವು ಬೋಧಿಸುವುದಿಲ್ಲ. ತಂತ್ರಾಂಶವನ್ನು ಬರೆದವನ ಶ್ರಮಕ್ಕೆ ಪ್ರತಿಫಲ ದೊರೆಯಬೇಕಾದುದು ನ್ಯಾಯ. ಜಗತ್ತಿನ ದೊಡ್ಡ ಕಂಪೆನಿಗಳಿಗಾಗಿ ತಂತ್ರಾಂಶವನ್ನು ಬರೆಯುವ ಸಾವಿರಾರು ಕೈಗಳು ಬೆಂಗಳೂರಿನಲ್ಲಿಯೇ ಇರುವುದರಿಂದ ಈ ನ್ಯಾಯದ ಬೆಲೆ ಕನ್ನಡಿಗರಿಗೆ ಚೆನ್ನಾಗಿ ಗೊತ್ತು. ಕಳ್ಳ ಕೀಲಿಗಳನ್ನು ಹಂಚುವವರು ಅದರೊಡನೆ ರೋಗವನ್ನೂ ಹಂಚುವುದು ಅಪರೂಪವಲ್ಲ. ಮೇಲಾಗಿ 1957ರ ಕೃತಿಸ್ವಾಮ್ಯ ಕಾಯಿದೆಯ 63ಬಿ ವಿಭಾಗದಂತೆ ಅಕ್ರಮ ಪ್ರತಿಯನ್ನು ತಿಳಿದೂ ಬಳಸಿದವನಿಗೆ 7 ದಿನಗಳಿಂದ 3 ವರ್ಷಗಳವರೆಗೆ ಸೆರೆವಾಸವೂ 50 ಸಾವಿರದಿಂದ 2 ಲಕ್ಷ ರೂಪಾಯಿಗಳವರೆಗೆ ದಂಡವೂ ವಿಧಿಸಲ್ಪಡಬಹುದು.

ಆದರೆ ಅದೇ ಕಾಯಿದೆಯು ನ್ಯಾಯವಾಗಿ ಕೊಂಡವನನ್ನು ಬರಿಗೈಯಲ್ಲಿ ಬಿಟ್ಟಿಲ್ಲ. 52ನೆಯ ವಿಭಾಗವು, ತಂತ್ರಾಂಶವನ್ನು ಯಾವ ಉದ್ದೇಶಕ್ಕಾಗಿ ಪಡೆಯಲಾಯಿತೋ ಆ ಉದ್ದೇಶಕ್ಕೆ ಬಳಸಿಕೊಳ್ಳಲು ಬೇಕಾದ ಪ್ರತಿಯನ್ನೂ, ನಷ್ಟ ನಾಶಗಳಿಂದ ಕಾಪಾಡಿಕೊಳ್ಳಲು ಕಾಪುಪ್ರತಿಯನ್ನೂ ಮಾಡಿಕೊಳ್ಳುವ ಅವಕಾಶವನ್ನು ಅವನಿಗೆ ಕೊಟ್ಟಿದೆ. 2012ರಲ್ಲಿ ಸೇರಿಸಿದ 65ಎ ವಿಭಾಗವು ತಾಂತ್ರಿಕ ಬೀಗವನ್ನು ತಪ್ಪಿಸುವುದನ್ನು ಅಪರಾಧವೆಂದು ಸಾರುವಾಗಲೂ, ಕೃತಿಸ್ವಾಮ್ಯವನ್ನು ಉಲ್ಲಂಘಿಸುವ ಉದ್ದೇಶವಿರಬೇಕೆಂಬ ಮಾತನ್ನು ಸೇರಿಸಿದೆ. ಪರದೇಶಗಳಲ್ಲಿಯೂ ಈ ವಿವೇಕವು ಕಾಣದೆ ಇಲ್ಲ. ಕೆಟ್ಟುಹೋಗಿ, ಬದಲಿ ದೊರೆಯದೆ, ಬಳಕೆ ತಪ್ಪಿದ ಡಾಂಗಲುಗಳ ವಿಷಯದಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸು 2003, 2006 ಮತ್ತು 2010ರ ನಿರ್ಣಯಗಳಲ್ಲಿ ವಿನಾಯಿತಿಯನ್ನು ಕೊಟ್ಟಿತ್ತು. 2012ರ ಜುಲೈ 3ರಂದು ಯೂರೋಪಿನ ಉಚ್ಚ ನ್ಯಾಯಾಲಯವು ಯೂಸ್ಡ್‌ಸಾಫ್ಟ್ ಮತ್ತು ಆರಕಲ್ ಕಂಪೆನಿಗಳ ವ್ಯಾಜ್ಯದಲ್ಲಿ, ಬೆಲೆ ತೆತ್ತು ಕಾಲಮಿತಿಯಿಲ್ಲದೆ ಪಡೆದ ಪರವಾನಗಿಯನ್ನು ಕೊಂಡವನು ಬೇರೆಯವರಿಗೆ ಮಾರಲೂಬಹುದೆಂದು ತೀರ್ಪಿತ್ತಿತು. ಇನ್ನೊಬ್ಬನಿಗೆ ಮಾರುವುದೇ ನ್ಯಾಯವೆಂದಾದರೆ, ತನ್ನದೇ ಹಳೆಯ ಯಂತ್ರದಿಂದ ತನ್ನದೇ ಹೊಸ ಯಂತ್ರಕ್ಕೆ ಸಾಗಿಸುವುದನ್ನು ಕೃಪೆಯೆಂದು ಏಕೆ ಬೇಡಬೇಕು?

ಈಗ ಮಾಡಬೇಕಾದುದು

ಕಾಯಿದೆಯ ಹಕ್ಕು ಕೋರ್ಟಿನಲ್ಲಿ ಸಿಕ್ಕೀತು. ಕಾರ್ಖಾನೆಗೆ ಬೇಕಾದುದು ಇಂದು ರಾತ್ರಿಯೊಳಗೆ. ಆದುದರಿಂದ ಹಕ್ಕನ್ನು ಕೊಳ್ಳುವ ದಿನವೇ ಕರಾರಿನಲ್ಲಿ ಬರೆಯಿಸಿಕೊಳ್ಳಬೇಕು. ಸರಕಾರದ ಇಲಾಖೆಗಳೂ, ಜಲಮಂಡಲಿಗಳೂ, ವಿದ್ಯುತ್ ನಿಗಮಗಳೂ, ಸಹಕಾರಿ ಸಕ್ಕರೆ ಕಾರ್ಖಾನೆಗಳೂ ಟೆಂಡರು ಕರೆಯುವಾಗ ಕೆಲವು ಷರತ್ತುಗಳನ್ನು ಕಡ್ಡಾಯ ಮಾಡುವುದು ಅವಶ್ಯ. ಯಂತ್ರವು ಕೆಟ್ಟರೆ ಹೆಚ್ಚಿನ ಹಣವಿಲ್ಲದೆ ಪರವಾನಗಿಯನ್ನು ಬೇರೆ ಯಂತ್ರಕ್ಕೆ ಸಾಗಿಸುವ ಹಕ್ಕಿರಬೇಕು. ರಾತ್ರಿ ಎರಡು ಗಂಟೆಗೆ ಕೆಟ್ಟರೂ ತಾತ್ಕಾಲಿಕ ಕೀಲಿಯು ದೊರೆಯುವಂತಿರಬೇಕು. ಕಂಪೆನಿಯು ಕೈ ಬದಲಾಯಿಸಿದರೂ ಮುಚ್ಚಿಹೋದರೂ ಈ ಹಕ್ಕು ಉಳಿಯುವಂತೆ ಮೂಲ ಆಜ್ಞಾಲೇಖವು ಮೂರನೆಯವರ ವಶದಲ್ಲಿ ಠೇವಣಿಯಾಗಿರಬೇಕು. ಕೆಲಸ ಮಾಡಿಕೊಟ್ಟ ಗುತ್ತಿಗೆದಾರನು ಯೋಜನಾ ಕಡತಗಳನ್ನೂ ಅವುಗಳ ಗುಪ್ತಪದಗಳನ್ನೂ ಒಡೆಯನಿಗೆ ಒಪ್ಪಿಸಿದ ಮೇಲೆಯೇ ಕೊನೆಯ ಕಂತಿನ ಹಣವು ಪಾವತಿಯಾಗಬೇಕು.

ಎರಡನೆಯದಾಗಿ, ಈಗಾಗಲೇ ಇರುವ ಯಂತ್ರಗಳ ಲೆಕ್ಕವಾಗಬೇಕು. ಜಮೀನಿನ ಪತ್ರವನ್ನು ಪೆಟ್ಟಿಗೆಯಲ್ಲಿಟ್ಟು ಕಾಯುವ ನಾವು ಪರವಾನಗಿಯ ಪತ್ರವನ್ನು ಯಾವುದೋ ಫೈಲಿನಲ್ಲಿ ಬಿಟ್ಟು ಮರೆಯುತ್ತೇವೆ. ಡಿಸ್ಕು ಸತ್ತ ದಿನ ಕಂಪೆನಿಯು ಮೊದಲು ಕೇಳುವುದು ಆ ಪತ್ರವನ್ನೂ ಖರೀದಿಯ ಬಿಲ್ಲನ್ನೂ. ಯಾವ ಯಂತ್ರ, ಯಾವ ತಂತ್ರಾಂಶ, ಎಷ್ಟನೆಯ ಆವೃತ್ತಿ, ಕೀಲಿಯ ಬಗೆ ಯಾವುದು, ಪತ್ರ ಎಲ್ಲಿದೆ ಎಂಬುದನ್ನು ಒಂದು ರಿಜಿಸ್ಟರಿನಲ್ಲಿ ಬರೆದಿಡಲು ಒಬ್ಬ ಗುಮಾಸ್ತನ ಒಂದು ವಾರದ ಕೆಲಸ ಸಾಕು. ಡಿಸ್ಕಿನ ಪೂರ್ಣ ಪ್ರತಿಯು ಬೇರೆ ಕಟ್ಟಡದಲ್ಲಿರಬೇಕು. ಬದಲಿ ಯಂತ್ರವು ಸಿದ್ಧವಿದ್ದು, ವರ್ಷಕ್ಕೊಮ್ಮೆಯಾದರೂ ಅದರಲ್ಲಿ ಕಾರ್ಖಾನೆಯನ್ನು ನಡೆಯಿಸಿ ನೋಡಬೇಕು. ದಾಟಿಸುವಾಗ ಹಳೆಯ ಯಂತ್ರದಿಂದ ಕೀಲಿಯನ್ನು ಹಿಂದೆಗೆದ ಮೇಲೆಯೂ ಆ ಯಂತ್ರವನ್ನು ಕೂಡಲೇ ಗುಜರಿಗೆ ಹಾಕಬಾರದು. ಹೊಸದು ಕೆಲವು ವಾರಗಳ ಕಾಲ ತಪ್ಪದೆ ನಡೆದುದು ಖಾತ್ರಿಯಾಗುವವರೆಗೆ ಅದು ಇದ್ದಲ್ಲೇ ಇರಲಿ. ಚಾಲಕರಿಗೆ ಪರಿಚಿತವಾದ ಪರದೆಯ ಚಿತ್ರಗಳನ್ನು ಅನಾವಶ್ಯಕವಾಗಿ ಬದಲಾಯಿಸದಿರುವುದೂ ವಿವೇಕ.

ಮೂರನೆಯದು ದೀರ್ಘಕಾಲದ ಮಾತು. ನಿಯಂತ್ರಕಗಳ ಭಾಷೆಗಳಿಗೆ 1993ರಿಂದ ಐ.ಇ.ಸಿ. 61131-3 ಎಂಬ ಅಂತರರಾಷ್ಟ್ರೀಯ ಪ್ರಮಾಣವಿದೆ. ಭಾಷೆ ಒಂದೇ ಆದರೂ ಒಂದು ಕಂಪೆನಿಯ ಕಡತವು ಇನ್ನೊಂದರಲ್ಲಿ ನೇರವಾಗಿ ತೆರೆಯುವುದಿಲ್ಲವೆಂಬುದನ್ನು ಬಲ್ಲ ಕೊಳ್ಳುಗರು ತೆರೆದ ಪ್ರಮಾಣಗಳನ್ನು ಒತ್ತಾಯಿಸಿದಷ್ಟೂ ಬೀಗವು ಸಡಿಲವಾಗುವುದು. ನಮ್ಮಲ್ಲಿ ಸಾಮರ್ಥ್ಯವಿಲ್ಲವೆನ್ನುವಂತಿಲ್ಲ. 1967ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿತವಾದ ಇ.ಸಿ.ಐ.ಎಲ್. ಸಂಸ್ಥೆಯು ನಮ್ಮ ಅಣುವಿದ್ಯುತ್ ಸ್ಥಾವರಗಳಿಗೆ ನಿಯಂತ್ರಣ ಸಾಧನಗಳನ್ನು ಒದಗಿಸಿದೆ. ಬೆಂಗಳೂರಿನ ಮೈಸೂರು ರಸ್ತೆಯಲ್ಲಿರುವ ಬಿ.ಎಚ್.ಇ.ಎಲ್. ಎಲೆಕ್ಟ್ರಾನಿಕ್ಸ್ ವಿಭಾಗವು ವಿದ್ಯುತ್ ಸ್ಥಾವರಗಳಿಗಾಗಿ ಇಂಥ ಸಾಧನಗಳನ್ನು ತಯಾರಿಸುತ್ತಿದೆ. ಪರರಿಗಾಗಿ ಬೀಗವನ್ನು ಮಾಡಿಕೊಡುವ ಕಮ್ಮಾರನ ಮನೆಯ ಬೀಗದ ಕೈ ಪರರ ಕೈಯಲ್ಲಿರುವುದು ಬೆಂಗಳೂರಿಗೆ ಶೋಭಿಸುವ ಸಂಗತಿಯಲ್ಲ.

ಸ್ವದೇಶಿ ಎಂಬ ಮಾತು ಒಂದು ಕಾಲಕ್ಕೆ ನೂಲಿನ ಲಡಿಯಲ್ಲಿ ಅಡಗಿತ್ತು. ಇಂದು ಅದು ಖರೀದಿ ಕರಾರಿನ ಸಣ್ಣಕ್ಷರಗಳಲ್ಲಿಯೂ ಅಡಗಿದೆ. ಯಂತ್ರವನ್ನು ಎಲ್ಲಿಂದಲಾದರೂ ತರಿಸೋಣ. ತಂತ್ರಾಂಶಕ್ಕೆ ಸಲ್ಲಬೇಕಾದ ಬೆಲೆಯನ್ನು ಕಾಸು ಬಿಡದೆ ಸಲ್ಲಿಸೋಣ. ಆದರೆ ಜನರ ಕುಡಿಯುವ ನೀರನ್ನೂ, ದೀಪವನ್ನೂ, ದುಡಿಮೆಯನ್ನೂ ಹಿಡಿದಿರುವ ಯಂತ್ರದ ಕೀಲಿಕೈ ಮನೆಯ ಯಜಮಾನನ ಸೊಂಟದಲ್ಲಿಯೇ ಇರಬೇಕು. ಮುಂದಿನ ಟೆಂಡರಿಗೆ ರುಜು ಹಾಕುವ ಅಧಿಕಾರಿಯು ಲೇಖನಿ ಎತ್ತುವ ಮುನ್ನ, ಈ ಯಂತ್ರ ಕೆಟ್ಟ ದಿನ ನಾವು ಯಾರ ಬಾಗಿಲನ್ನು ತಟ್ಟಬೇಕು ಎಂಬ ಒಂದು ಪ್ರಶ್ನೆಯನ್ನು ಕೇಳಲಿ. ಉತ್ತರವು ಕರಾರಿನಲ್ಲಿ ಇಲ್ಲದಿದ್ದರೆ ರುಜುವನ್ನು ತಡೆಹಿಡಿಯುವುದೇ ದೇಶಸೇವೆ.